ಎಲ್ಲ ನಳ್ಳಿಯೂ ಬಿಸಿಲಿಗೇ ಉದುರುವುದಿಲ್ಲ ಸ್ವಾಮೀ

ಅಡಿಕೆ ಬೆಳೆಗಾರರಿಗೆ ಸಲಹೆ ಕೊಡುವ ಜವಾಬ್ದಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಪುತ್ತೂರು ಕಡೆಯ ಒಬ್ಬ ಸಣ್ಣ ಅಡಿಕೆ ಕೃಷಿಕ. ನಾಲ್ಕು ಎಕರೆ ತೋಟ, ನಡುವೆ ಒಂದಷ್ಟು ಕೊಕ್ಕೊ, ಮರಕ್ಕೆ ಹಬ್ಬಿಸಿದ ಕಾಳುಮೆಣಸು, ಅಂಗಳದ ಅಂಚಿನಲ್ಲಿ ಆರು ಜೇನು ಪೆಟ್ಟಿಗೆ. ಆರು ಇತ್ತು ಅನ್ನಬೇಕು, ಆ ಕತೆ ಮುಂದೆ ಬರುತ್ತದೆ. ಈ ಪತ್ರವನ್ನು ಟಪಾಲಿನಲ್ಲೇ ಕಳಿಸಬಹುದಿತ್ತು. ಹಿಂದೆ ಎರಡು ಸಲ ಕಳಿಸಿದ್ದೇನೆ, ಎರಡಕ್ಕೂ ಉತ್ತರ ಬರಲಿಲ್ಲ. ಅದಕ್ಕೇ ಈ ಸಲ ಎಲ್ಲರೆದುರು ಬರೆಯುತ್ತಿದ್ದೇನೆ. ನೀವು ಓದದಿದ್ದರೂ ನನ್ನಂಥ ನಾಲ್ಕು ಜನ ಬೆಳೆಗಾರರು ಓದಿದರೆ ಬರೆದದ್ದು ದಂಡವಾಗುವುದಿಲ್ಲ.

ವಿಷಯ ಒಂದು ತಿಗಣೆಯದು. ಹಾಸಿಗೆಯ ತಿಗಣೆ ಅಲ್ಲ, ಅಡಿಕೆ ಮರದ ತಿಗಣೆ. ಹೆಬ್ಬೆರಳ ಉಗುರಿನಷ್ಟು ಇರುತ್ತದೆ. ಬೆನ್ನು ಗುರಾಣಿಯ ಹಾಗೆ ಚಪ್ಪಟೆ, ಬಣ್ಣ ಒಣಗಿದ ಅಡಿಕೆ ಹಾಳೆಯ ಕಂದು, ಅದರ ಮೇಲೆ ಯಾರೋ ಕಾಫಿಪುಡಿ ಉದುರಿಸಿದ ಹಾಗೆ ಚುಕ್ಕಿ. ಮರದ ಮೇಲೆ ಸುಮ್ನೆ ಕೂತರೆ ಕಣ್ಣಿಗೆ ಬೀಳುವುದೇ ಇಲ್ಲ. ಮುಟ್ಟಿದರೆ ಮಾತ್ರ ಗೊತ್ತಾಗುತ್ತದೆ, ಆ ನಾತ ಸೋಪು ಹಾಕಿ ತೊಳೆದರೂ ಊಟದ ಹೊತ್ತಿಗೆ ಬೆರಳಲ್ಲೇ ಇರುತ್ತದೆ. ವಿಜ್ಞಾನಿಗಳು ಇದರ ಕುಲಕ್ಕೆ ಹಾಲಿಯೋಮಾರ್ಫ ಎಂದು ಹೆಸರಿಟ್ಟಿದ್ದಾರೆ. ಎಳೆ ಅಡಿಕೆ (ನಮ್ಮ ಮಾತಿನಲ್ಲಿ ನಳ್ಳಿ) ಉದುರುವುದಕ್ಕೆ ಇದೂ ಒಂದು ಕಾರಣ ಅಂತ ನಮ್ಮ ಸಂಶೋಧಕರು 1980ರ ದಶಕದಲ್ಲೇ ಬರೆದಿಟ್ಟಿದ್ದಾರೆ. ಅಂದರೆ ನಾನು ಹೊಸತೇನೂ ಕಂಡುಹಿಡಿದಿಲ್ಲ. ನನ್ನ ದೂರು ಇರುವುದೇ ಅಲ್ಲಿ. ಸುಮಾರು 40 ವರ್ಷದ ಹಿಂದೆ ಗೊತ್ತಾದ ವಿಷಯ ನನ್ನ ತೋಟದವರೆಗೆ ನಡೆದು ಬರಲಿಲ್ಲ.

ನಡೆದದ್ದನ್ನು ಹೇಳುತ್ತೇನೆ.

ಎರಡು ವರ್ಷದ ಹಿಂದೆ, ಮೇ ತಿಂಗಳು. ಬೆಳಿಗ್ಗೆ ತೋಟಕ್ಕೆ ಇಳಿದರೆ ಮರದ ಬುಡದಲ್ಲಿ ನಳ್ಳಿ ಚೆಲ್ಲಿ ಬಿದ್ದಿತ್ತು. ಹಸಿರು ಹಸಿರು, ಮಕ್ಕಳು ಗೋಲಿ ಆಡಿ ಎದ್ದು ಹೋದ ಹಾಗೆ. ಒಂದಷ್ಟು ನಳ್ಳಿ ಉದುರುವುದು ಯಾವ ತೋಟದಲ್ಲೂ ಇದ್ದದ್ದೇ, ಮರ ತನಗೆ ಹೊರಲಾಗದ್ದನ್ನು ಕೆಡವುತ್ತದೆ. ಆದರೆ ಇದು ಆ ಲೆಕ್ಕದ್ದಲ್ಲ. ಕೆಲವು ಗೊನೆಗಳಲ್ಲಿ ಕಡ್ಡಿ ಮಾತ್ರ ಉಳಿದಿತ್ತು.

ಸಲಹೆ ಕೇಳಲು ಫೋನ್ ಮಾಡಿದೆ. ಯಾವ ಕಚೇರಿ, ಯಾರು ಎತ್ತಿದರು ಅಂತ ಬರೆಯುವುದಿಲ್ಲ, ಅವರ ಮೇಲೆ ನನಗೆ ಹಗೆ ಇಲ್ಲ. "ಈ ಸಲ ಬಿಸಿಲು ಜಾಸ್ತಿ ಅಲ್ವಾ, ಅದಕ್ಕೇ ಉದುರುತ್ತದೆ, ನೀರು ಕೊಡಿ" ಎಂದರು. ನೀರು ಕೊಟ್ಟೆ. ಕೆರೆಯ ತಳ ಕಾಣುವಷ್ಟು ಕೊಟ್ಟೆ. ಉದುರುವುದು ನಿಲ್ಲಲಿಲ್ಲ. ಮತ್ತೆ ಫೋನ್ ಮಾಡಿದಾಗ ಇನ್ನೊಬ್ಬರು ಸಿಕ್ಕಿ, ಮಳೆಗಾಲದ ಕೊಳೆರೋಗ ಬೇಗ ಶುರುವಾಗಿರಬೇಕು, ಬೋರ್ಡೋ ದ್ರಾವಣ ಸಿಂಪಡಿಸಿ ಎಂದರು. ಒಂದು ಹನಿ ಮಳೆ ಬೀಳದ ನೆಲದಲ್ಲಿ ಕೊಳೆ ಎಲ್ಲಿಂದ ಬರಬೇಕು? ಆದರೂ ಕೇಳಲಿಲ್ಲ ಅಂತ ಆಗಬಾರದಲ್ಲ, ಅದನ್ನೂ ಬಿಡಿಸಿದೆ. ಬೋರ್ಡೋ ಶಿಲೀಂಧ್ರದ ಮದ್ದು. ತಿಗಣೆಗೆ ಅದರಿಂದ ಒಂದು ಸ್ನಾನ ಆಗಿರಬಹುದು ಅಷ್ಟೇ.

ಕೊನೆಗೆ ಮದ್ದಿನ ಅಂಗಡಿ. ಅಂಗಡಿಯವರು ನನ್ನ ಕೈಯಲ್ಲಿದ್ದ ನಳ್ಳಿಯನ್ನು ನೋಡಲೂ ಇಲ್ಲ. ಎರಡು ಬಾಟ್ಲಿ ಕೊಟ್ಟರು, ಎರಡನ್ನೂ ಬೆರೆಸಿ ಬಿಡಿ, ಎಲ್ಲರೂ ಇದನ್ನೇ ಬಿಡುತ್ತಿದ್ದಾರೆ ಎಂದರು. ಮನೆಗೆ ಬಂದು ಕನ್ನಡಕ ಹಾಕಿ ಲೇಬಲ್ ಓದಿದೆ. ಹತ್ತಿ ಇತ್ತು, ಭತ್ತ ಇತ್ತು, ಬದನೆ ಇತ್ತು. ಅಡಿಕೆಯ ಹೆಸರು ಎಲ್ಲೂ ಇರಲಿಲ್ಲ. ಓದಿದ ಮೇಲೂ ಬಿಡಿಸಿದೆ, ಅದು ನನ್ನ ತಪ್ಪು. ನಳ್ಳಿ ಕಣ್ಣೆದುರೇ ಉದುರುತ್ತಿರುವಾಗ ಲೇಬಲ್ ಓದಿ ತಾಳ್ಮೆಯಿಂದ ಕೂರುವ ಕೃಷಿಕನನ್ನು ನಾನಂತೂ ನೋಡಿಲ್ಲ.

ಮೂರನೇ ದಿನ ಜೇನು ಪೆಟ್ಟಿಗೆಯ ಬಾಗಿಲಲ್ಲಿ ತುಡುವೆ ನೊಣ ರಾಶಿ ಬಿದ್ದಿತ್ತು. ಕೆಲವು ಇನ್ನೂ ಸತ್ತಿರಲಿಲ್ಲ, ನೆಲದಲ್ಲಿ ಗಿರಗಿರ ತಿರುಗುತ್ತಿದ್ದವು. ನನ್ನ ಹೆಂಡತಿ ಪೊರಕೆ ಹಿಡಿದು ಬಂದವಳು ಗುಡಿಸಲಿಲ್ಲ, ಹಾಗೇ ನಿಂತಳು. ಆರು ಪೆಟ್ಟಿಗೆಯಲ್ಲಿ ನಾಲ್ಕು ಖಾಲಿಯಾಯಿತು. ಮುಂದಿನ ಬೇಸಿಗೆಯಲ್ಲಿ ಸೋಗೆಯ (ಅಡಿಕೆ ಗರಿಯ) ಅಡಿಯಲ್ಲಿ ನುಸಿ ಎದ್ದಿತು. ತಿಗಣೆ ಮಾತ್ರ ಎಲ್ಲಿಯೋ ಹೋಗಿ ಹದಿನೈದು ದಿನದಲ್ಲಿ ವಾಪಸ್ ಬಂದಿತ್ತು. ಅದಕ್ಕೆ ರೆಕ್ಕೆ ಇದೆ ಸ್ವಾಮೀ. ನನ್ನ ಬೇಲಿ ಅದಕ್ಕೆ ಲೆಕ್ಕಕ್ಕಿಲ್ಲ.

ಮದ್ದು ಬಿಡಿಸುವಾಗಲೂ ನಳ್ಳಿ ಉದುರಿಸುವುದು ಇದೇ ಹುಳ ಅಂತ ನನಗೆ ಗೊತ್ತಿರಲಿಲ್ಲ ಎಂದರೆ ನಿಮಗೆ ನಗು ಬರಬಹುದು. ಗೊತ್ತಾದದ್ದು ಅಮೆರಿಕದಿಂದ.

ನನ್ನ ಅಕ್ಕನ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಆ ಅಕ್ಟೋಬರ್‌ನಲ್ಲಿ ವಿಡಿಯೋ ಕಾಲ್ ಮಾಡಿ, "ಮಾವ, ಇದು ನೋಡಿ, ನಿಮ್ಮ ತೋಟದ ಹುಳ ನಮ್ಮ ಮನೆಯ ಪರದೆಯಲ್ಲಿ ಕೂತಿದೆ" ಎಂದ. ಚಿಕ್ಕಂದಿನಲ್ಲಿ ರಜೆಗೆ ಬಂದಾಗ ಅದನ್ನು ಹಿಡಿದು ಕೈ ನಾರಿಸಿಕೊಂಡವನು ಅವನು, ಮರೆತಿರಲಿಲ್ಲ. ನೋಡಿದರೆ ಅದೇ ಗುರಾಣಿ, ಅದೇ ಕಂದು. ಆಮೇಲೆ ಅವನೇ ಹುಡುಕಿ ಹೇಳಿದ, ಇದು ಅದೇ ಅಲ್ಲ, ಅದರ ದಾಯಾದಿ. ಕುಲ ಒಂದೇ, ಜಾತಿ ಬೇರೆ. ಅವರ ಮನೆಯದ್ದು ಹಾಲಿಯೋಮಾರ್ಫ ಹ್ಯಾಲಿಸ್, ಚೀನಾ, ಜಪಾನ್, ಕೊರಿಯಾ ಕಡೆಯದು. ಚಳಿ ಶುರುವಾದ ಕೂಡಲೇ ಬೆಚ್ಚಗಿನ ಜಾಗ ಹುಡುಕಿ ಮನೆಗಳೊಳಗೆ ನೂರು ಇನ್ನೂರು ಒಟ್ಟಿಗೆ ನುಗ್ಗುತ್ತದಂತೆ. ನಮ್ಮದಕ್ಕೆ ಆ ಕಷ್ಟ ಇಲ್ಲ, ಕರಾವಳಿಯಲ್ಲಿ ಚಳಿ ಎಲ್ಲಿದೆ.

ಆ ಅಮೆರಿಕದ ಕತೆಯನ್ನು ನೀವು ಗಮನ ಕೊಟ್ಟು ಓದಬೇಕು. ಅಲ್ಲಿ ಈ ಹುಳ ಮೊದಲು ಕಾಣಿಸಿದ್ದು 1990ರ ದಶಕದ ಕೊನೆಗೆ, ಪೆನ್ಸಿಲ್ವೇನಿಯಾದ ಆಲೆನ್‌ಟೌನ್ ಎಂಬ ಊರಿನಲ್ಲಿ. ಹಡಗಿನ ಸರಕಿನ ಜೊತೆ ಬಂದದ್ದು ಅನ್ನುತ್ತಾರೆ. ಮನೆಯೊಳಗೆ ನಾರುವ ಹುಳ ಬರುತ್ತಿದೆ ಅಂತ ಜನ ಹೇಳುತ್ತಲೇ ಇದ್ದರು. ಆದರೆ ಅದು ಅಲ್ಲಿನ ಹಳೇ ತಿಗಣೆಯೇ ಇರಬೇಕು ಅಂತ ಎಲ್ಲರೂ ಬಿಟ್ಟುಬಿಟ್ಟರು. ಕಾರ್ನೆಲ್ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರೊಬ್ಬರು ಇದು ಹೊರಗಿನ ಹುಳ ಅಂತ ಗುರುತು ಹಿಡಿದದ್ದು 2001ರಲ್ಲಿ. ಅಷ್ಟರಲ್ಲಿ ಅದು ಊರಿಗೆ ಊರೇ ಹಬ್ಬಿತ್ತು. 2010ರಲ್ಲಿ ಪೂರ್ವದ ರಾಜ್ಯಗಳ ಸೇಬು ಬೆಳೆಗಾರರಿಗೇ 3.7 ಕೋಟಿ ಡಾಲರ್ ನಷ್ಟ. ಈಗ 40ಕ್ಕೂ ಹೆಚ್ಚು ರಾಜ್ಯಗಳಲ್ಲಿದೆ.

ಇಟಲಿಯಲ್ಲಿ 2012ರಲ್ಲಿ ಮೊಡೆನಾ ಊರಿನ ಹತ್ತಿರ ಸಿಕ್ಕಿತು, ಏಳು ವರ್ಷ ಕಳೆಯುವುದರೊಳಗೆ ಅಲ್ಲಿನ ಪೇರ್ ಹಣ್ಣಿನ ತೋಟದವರು ತಲೆ ಮೇಲೆ ಕೈ ಹೊತ್ತು ಕೂತರು. ಜಾರ್ಜಿಯಾ ಎಂಬ ದೇಶದಲ್ಲಿ ಹೇಜಲ್ ಕಾಯಿ ಬೆಳೆಗಾರರ ಪಾಡೂ ಅದೇ, ಅವರಿಗೆ ಅದು ನಮಗೆ ಅಡಿಕೆ ಇದ್ದ ಹಾಗೆ. ನ್ಯೂಜಿಲೆಂಡಿನಲ್ಲಿ ಈ ಹುಳ ಇನ್ನೂ ನೆಲೆ ಊರಿಲ್ಲ. ಆದರೂ 2018ರಲ್ಲಿ ಜಪಾನಿನಿಂದ ಕಾರು ಹೊತ್ತು ಬಂದ ಹಡಗುಗಳಲ್ಲಿ ತಿಗಣೆ ಸಿಕ್ಕಿತು ಅಂತ ಹಡಗುಗಳನ್ನೇ ವಾಪಸ್ ಅಟ್ಟಿದರು. ಇಲ್ಲದ ಹುಳಕ್ಕೆ ಅವರು ಇಷ್ಟು ಮಾಡುತ್ತಾರೆ. ನಮ್ಮಲ್ಲಿ ಇರುವ ಹುಳದ ಒಂದು ಫೋಟೋ ನಮ್ಮ ಪಂಚಾಯಿತಿಯ ಗೋಡೆಯಲ್ಲಿ ಇಲ್ಲ.

ಇದನ್ನೆಲ್ಲ ಕೇಳಿದ ಮೇಲೆ ಮುಂದಿನ ಮೇ ತಿಂಗಳಿಗೆ ನಾನೇ ಕಾದು ಕೂತೆ. ಉದುರಲು ಶುರುವಾದ ದಿನ ಒಂದು ಮರದ ಬುಡದಿಂದ 20 ನಳ್ಳಿ ಹೆಕ್ಕಿ ತಂದು ಜಗಲಿಯಲ್ಲಿ ಹರಡಿದೆ. ಮೊಮ್ಮಗಳ ಶಾಲೆಯ ಭೂತಗನ್ನಡಿ ಇತ್ತು. ಮೊದಲು ಏನೂ ಕಾಣಲಿಲ್ಲ. ತೊಟ್ಟಿನ ಹತ್ತಿರ ಮುಚ್ಚಿಕೊಂಡಿರುವ ಆ ಎಸಳುಗಳನ್ನು ಬಿಡಿಸಿ ನೋಡಿದಾಗ ಕಂಡಿತು, ಸೂಜಿ ಚುಚ್ಚಿದ ಹಾಗೆ ಒಂದು ಕಪ್ಪು ಚುಕ್ಕಿ. ಅಡಿಕೆ ಕತ್ತರಿಯಲ್ಲಿ ಸರಿಯಾಗಿ ಚುಕ್ಕಿಯ ಮೇಲೇ ಇಟ್ಟು ಸೀಳಿದೆ. ಚುಕ್ಕಿಯಿಂದ ಒಳಕ್ಕೆ ಒಂದು ಕಂದು ಗೆರೆ, ಗೆರೆಯ ಕೊನೆಯಲ್ಲಿ ಎಳೆ ತಿರುಳು ಕೆಟ್ಟು ಕಂದಾಗಿತ್ತು. 20ರಲ್ಲಿ 13ಕ್ಕೆ ಈ ಗುರುತು ಇತ್ತು. ಉಳಿದ ಏಳು ಶುದ್ಧ. ಆ ಏಳು ಬಿಸಿಲಿಗೇ ಉದುರಿದ್ದಿರಬಹುದು, ನೀವು ಹೇಳಿದ್ದು ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ನೀರು ಕಮ್ಮಿಯಾದರೂ ನಳ್ಳಿ ಉದುರುತ್ತದೆ, ಹಿಂಗಾರ (ಅಡಿಕೆಯ ಹೂಗೊನೆ) ಒಣಗುವ ರೋಗಕ್ಕೂ ಉದುರುತ್ತದೆ, ಹಿಂಗಾರ ತಿನ್ನುವ ಹುಳಕ್ಕೂ ಉದುರುತ್ತದೆ. ಯಾವುದರಿಂದ ಅಂತ ತಿಳಿಯಲು ಒಂದು ಕತ್ತರಿ, ಒಂದು ಕನ್ನಡಿ, ಹತ್ತು ನಿಮಿಷ ಸಾಕು. ಇಷ್ಟನ್ನು ನನಗೆ ಫೋನಿನಲ್ಲೇ ಹೇಳಬಹುದಿತ್ತು ಅಲ್ವಾ?

ಈ ಹುಳಕ್ಕೆ ಹಲ್ಲಿಲ್ಲ, ಎಲೆ ಕಡಿಯುವುದಿಲ್ಲ. ಅದಕ್ಕಿರುವುದು ಒಂದು ಕೊಳವೆ. ಹೊಟ್ಟೆಯ ಕೆಳಗೆ ಮಡಚಿಟ್ಟುಕೊಂಡಿರುತ್ತದೆ, ಬೇಕಾದಾಗ ಬಿಚ್ಚಿ ಕಾಯಿಗೆ ಚುಚ್ಚುತ್ತದೆ. ಮೊದಲು ಜೊಲ್ಲು ಬಿಟ್ಟು ಒಳಗಿನದನ್ನು ನೀರು ಮಾಡಿ ಆಮೇಲೆ ಹೀರುತ್ತದೆ. ಹಾಗಾಗಿ ಹೊರಗೆ ಗಾಯ ಕಾಣುವುದಿಲ್ಲ, ಹುಳ ಎದ್ದು ಹೋದ ಎಷ್ಟೋ ದಿನದ ಮೇಲೆ ನಳ್ಳಿ ಬೀಳುತ್ತದೆ. ಬಿದ್ದ ನಳ್ಳಿಯ ಹತ್ತಿರ ಹುಳವನ್ನು ಹುಡುಕಿದರೆ ಸಿಗುವುದಿಲ್ಲ. ನಾವು ಇಷ್ಟು ವರ್ಷ ಬಿಸಿಲನ್ನು ಬೈದದ್ದು ಅದಕ್ಕೇ ಇರಬೇಕು.

ಅದರ ನಾತ ಶತ್ರುಗಳನ್ನು ಓಡಿಸಲು. ಮರಿಗೆ ನಾತದ ಗ್ರಂಥಿ ಬೆನ್ನಿನ ಮೇಲಿರುತ್ತದೆ, ದೊಡ್ಡದಾದ ಮೇಲೆ ಕೆಳಗೆ ಕಾಲುಗಳ ಹತ್ತಿರ. ಕೊತ್ತಂಬರಿ ಸೊಪ್ಪಿನ ವಾಸನೆಯಲ್ಲಿರುವ ಒಂದು ರಾಸಾಯನಿಕ ಇದರ ನಾತದಲ್ಲೂ ಇದೆಯಂತೆ. ನನ್ನ ತಮ್ಮನಿಗೆ ಕೊತ್ತಂಬರಿ ಸೊಪ್ಪು ಕಂಡರಾಗದು, ಸಾರಿಗೆ ಹಾಕಿದರೆ ತಿಗಣೆ ನಾತ ಅಂತ ತಟ್ಟೆ ಸರಿಸುತ್ತಿದ್ದ. ನಾವೆಲ್ಲ ಅವನನ್ನು ಹಾಸ್ಯ ಮಾಡುತ್ತಿದ್ದೆವು. ಪಾಪ, ಅವನ ಮೂಗು ಸರಿಯಾಗಿಯೇ ಇತ್ತು.

ಜೂನ್ ಮೊದಲ ವಾರ ಬಿದ್ದ ಒಂದು ಸೋಗೆಯನ್ನು ಎಳೆದು ಹಾಕುವಾಗ ಅದರ ಎಲೆಯ ಅಡಿಯಲ್ಲಿ ಮೊಟ್ಟೆ ಕಂಡಿತು. ಸಾಸಿವೆ ಕಾಳಿಗಿಂತ ಸ್ವಲ್ಪ ಸಣ್ಣದು, ಒಂದಕ್ಕೊಂದು ಅಂಟಿಸಿ ಸಾಲಾಗಿ ಜೋಡಿಸಿಟ್ಟ ಹಾಗೆ. ಎಣಿಸಿದೆ, 28. ಆ ಎಲೆಯ ತುಂಡನ್ನು ಕತ್ತರಿಸಿ ಹಾರ್ಲಿಕ್ಸ್ ಬಾಟ್ಲಿಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿದೆ. ಕೆಲವು ದಿನ ಕಳೆದು ಮರಿ ಹೊರಗೆ ಬಂದವು. ಹನ್ನೊಂದು ಮರಿ. ಬಂದವು ಎಲ್ಲಿಗೂ ಹೋಗಲಿಲ್ಲ, ಮೊಟ್ಟೆಯ ಚಿಪ್ಪಿನ ಸುತ್ತಲೇ ಗುಂಪಾಗಿ ಕೂತವು. ತಾಯಿ ತಿಗಣೆ ಮೊಟ್ಟೆಯ ಮೇಲೆ ತನ್ನ ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾವನ್ನು ಸವರಿ ಹೋಗಿರುತ್ತದೆ, ಮರಿ ಅದನ್ನು ಹೀರಿದರೆ ಮಾತ್ರ ಸರಿಯಾಗಿ ಬೆಳೆಯುತ್ತದೆ ಅಂತ ಆಮೇಲೆ ಓದಿದೆ. ಐದು ಸಲ ಪೊರೆ ಬಿಟ್ಟು ರೆಕ್ಕೆ ಪಡೆಯುತ್ತದೆ. ತೋಟಕ್ಕೆ ನಷ್ಟ ಮಾಡುವ ಹುಳಕ್ಕೂ ಒಬ್ಬಳು ತಾಯಿ ಬುತ್ತಿ ಕಟ್ಟಿ ಹೋಗಿದ್ದಾಳೆ, ಏನು ಹೇಳುವುದು.

ಆದರೆ ನಾನು ನಿಮಗೆ ಹೇಳಬೇಕಾದದ್ದು ಉಳಿದ ಮೊಟ್ಟೆಗಳ ವಿಷಯ. ಅವು ಮೊದಲೇ ಕಪ್ಪಾಗಿದ್ದವು. ಕೆಟ್ಟಿವೆ ಅಂದುಕೊಂಡು ಬಿಸಾಡಲು ಹೊರಟಿದ್ದೆ, ಹೆಂಡತಿ ಬೇಡ ಎಂದಳು. ಎರಡು ದಿನ ಬಿಟ್ಟು ನೋಡಿದರೆ ಬಟ್ಟೆಯ ಅಡಿಯಲ್ಲಿ ಕಪ್ಪಗೆ, ಇರುವೆಗಿಂತಲೂ ಸಣ್ಣದು ಏನೋ ಓಡಾಡುತ್ತಿತ್ತು. ಕನ್ನಡಿ ಹಿಡಿದರೆ ರೆಕ್ಕೆ ಇದೆ, ಸೊಂಟ ಇದೆ. ಕಣಜ! ತಿಗಣೆಯ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಟ್ಟು, ಅದನ್ನೇ ತಿಂದು ಮರಿ ಬೆಳೆಯುವ ಬಗೆಯದು. ಎಣಿಸಿದರೆ 14. ಮೂರು ಮೊಟ್ಟೆಯಿಂದ ಏನೂ ಬರಲಿಲ್ಲ. ಮರಿ ಬಂದ ಮೊಟ್ಟೆಯಲ್ಲಿ ಡಬ್ಬಿಯ ಮುಚ್ಚಳ ತೆಗೆದ ಹಾಗೆ ನೀಟಾಗಿ ತೆರೆದಿರುತ್ತದೆ. ಕಣಜ ಬಂದದ್ದರಲ್ಲಿ ಇಲಿ ಕಡಿದ ಹಾಗೆ ಓರೆಕೋರೆ ತೂತು. ಒಮ್ಮೆ ನೋಡಿದವರು ಮತ್ತೆ ಮರೆಯುವುದಿಲ್ಲ. ಅಂದರೆ ನಾನು ಸಾವಿರಾರು ರೂಪಾಯಿಯ ಮದ್ದು ಬಿಡಿಸಿ ಮಾಡಲಾಗದ್ದನ್ನು, ಆ ಒಂದು ಎಲೆಯಲ್ಲಿ ಅರ್ಧಕ್ಕರ್ಧ, ಈ ಕಣಜ ಪುಕ್ಕಟೆ ಮಾಡಿತ್ತು. ಹಿಂದಿನ ವರ್ಷ ಜೇನಿನ ಜೊತೆ ಇಂಥವು ಎಷ್ಟು ಸತ್ತವೋ.

ಆ ಬಾಟ್ಲಿ ಹಿಡಿದು ಬಸ್ಸಿನಲ್ಲಿ ಕಚೇರಿಯೊಂದಕ್ಕೆ ಹೋದೆ. ಇದು ಯಾವ ಕಣಜ ಅಂತ ಹೇಳಿ, ಬೆಳೆಸಲು ಆಗುತ್ತದಾ ನೋಡಿ ಎಂದೆ. ಅಲ್ಲಿದ್ದವರು ಬಾಟ್ಲಿಯನ್ನು ಬೆಳಕಿಗೆ ಹಿಡಿದು ನೋಡಿದರು, ಇಟ್ಟು ಹೋಗಿ, ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರು. ಇಟ್ಟು ಬಂದೆ. ಹತ್ತು ದಿನ ಬಿಟ್ಟು ಹೋದರೆ ಬಾಟ್ಲಿ ಕಿಟಕಿಯಲ್ಲಿ ಇತ್ತು, ತೊಳೆದು ಅದರಲ್ಲಿ ಪೆನ್ನು ಹಾಕಿದ್ದರು.

ಸಿಟ್ಟು ಬಂದದ್ದು ಹೌದು. ಆದರೆ ಬಾಟ್ಲಿ ತೊಳೆದ ಕಚೇರಿಯ ಹುಡುಗನ ಮೇಲೆ ಅಲ್ಲ, ಅವನಿಗೆ ಅದು ಏನು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಇಟಲಿಯವರು ಇದೇ ಬಗೆಯ ಕಣಜಕ್ಕಾಗಿ ಕಾನೂನನ್ನೇ ಬದಲಿಸಿದರು ಗೊತ್ತಾ? ಹೊರದೇಶದ ಜೀವಿಯನ್ನು ತಂದು ಬಿಡಬಾರದು ಅಂತ ಅಲ್ಲಿ ನಿಯಮ ಇತ್ತು. 2019ರಲ್ಲಿ ಅದನ್ನು ತಿದ್ದಿ, 2020ರ ಜೂನ್‌ನಿಂದ ಟ್ರಿಸೋಲ್ಕಸ್ ಜಾಪೊನಿಕಸ್ ಎಂಬ ಕಣಜವನ್ನು ಸಾಕಿ ತೋಟಗಳಿಗೆ ಬಿಡಲು ಶುರು ಮಾಡಿದರು. ಸಮುರಾಯ್ ಕಣಜ ಅಂತ ಅದಕ್ಕೆ ಅಡ್ಡಹೆಸರು. ಅಮೆರಿಕದಲ್ಲಿ ಇನ್ನೂ ತಮಾಷೆ. ಅದನ್ನು ಬಿಡಬಹುದೋ ಬಿಡಬಾರದೋ ಅಂತ ಪ್ರಯೋಗಾಲಯದೊಳಗೆ ಇಟ್ಟು ವರ್ಷಗಟ್ಟಲೆ ಪರೀಕ್ಷೆ ಮಾಡುತ್ತಿರುವಾಗಲೇ 2014ರಲ್ಲಿ ಮೇರಿಲ್ಯಾಂಡಿನ ಕಾಡಿನಂಚಿನಲ್ಲಿ ಅದೇ ಕಣಜ ಸಿಕ್ಕಿತು. ಯಾರೂ ಬಿಟ್ಟದ್ದಲ್ಲ, ತಿಗಣೆಯ ಹಿಂದೆ ತಾನಾಗಿಯೇ ದೇಶ ದಾಟಿ ಬಂದಿತ್ತು.

ನಮಗೆ ಅಷ್ಟು ಕಷ್ಟವೂ ಇಲ್ಲ. ನಮ್ಮ ತಿಗಣೆ ನಮ್ಮದೇ ನೆಲದ್ದು, ಅದರ ಕಣಜವೂ ಇಲ್ಲೇ ಇದೆ. ಈ ಕೆಲಸ ನಮ್ಮ ದೇಶಕ್ಕೆ ಹೊಸತೂ ಅಲ್ಲ. 2008ರಲ್ಲಿ ಕೊಯಮತ್ತೂರಿನಲ್ಲಿ ಪಪ್ಪಾಯಿಯ ಬಿಳಿ ಹಿಟ್ಟು ತಿಗಣೆ ಕಾಣಿಸಿ, ಪಪ್ಪಾಯಿ ಬಿಟ್ಟು ಹಿಪ್ಪುನೇರಳೆಗೂ ಹತ್ತಿ, ರೇಷ್ಮೆಯವರು ಕಂಗಾಲಾಗಿದ್ದು ನಿಮಗೆ ನೆನಪಿರಬೇಕು. ಆಗ ಬೆಂಗಳೂರಿನ ಹೆಬ್ಬಾಳದಲ್ಲಿರುವ ಕೃಷಿ ಕೀಟಗಳ ರಾಷ್ಟ್ರೀಯ ಸಂಸ್ಥೆಯವರು 2010ರಲ್ಲಿ ಪೋರ್ಟೊರಿಕೊದಿಂದ ಮೂರು ಬಗೆಯ ಸಣ್ಣ ಕಣಜಗಳನ್ನು ತರಿಸಿ, ಬೆಳೆಸಿ, ಹಂಚಿದರು. ಹುಳ ಹತೋಟಿಗೆ ಬಂತು. ನಮ್ಮ ರಾಜಧಾನಿಯಲ್ಲೇ ಇಂಥ ವಿದ್ಯೆ ಇರುವಾಗ, ನನ್ನ ಹಾರ್ಲಿಕ್ಸ್ ಬಾಟ್ಲಿಗೆ ಅಲ್ಲಿಯವರೆಗೆ ಒಂದು ದಾರಿ ಇಲ್ಲದೆ ಹೋಯಿತಲ್ಲ.

ಮದ್ದು ಬಿಡುವುದರ ಬಗ್ಗೆ ನಮ್ಮ ಕಡೆಯವರಿಗೆ ಪಾಠ ಬೇರೆ ಬೇಕಾಗಿಲ್ಲ. ಇದೇ ಸೀಮೆಯಲ್ಲಿ ಗೇರು ತೋಟದ ಟೀ ಸೊಳ್ಳೆಗೆ, ಅದೂ ರಸ ಹೀರುವ ತಿಗಣೆಯ ಬಳಗದ್ದೇ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಕಾಸರಗೋಡಿನಲ್ಲಿ 1970ರ ದಶಕದ ಕೊನೆಯಿಂದ 2000ದವರೆಗೆ. ನಮ್ಮ ಕಡೆ ಕೊಕ್ಕಡ, ಪಟ್ರಮೆಯಲ್ಲೂ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಲ್ಲಿಸಿತು. ಆ ಊರುಗಳಲ್ಲಿ ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳನ್ನು ಎತ್ತಿಕೊಂಡೇ ಮುದುಕರಾದ ತಾಯಂದಿರು ಈಗಲೂ ಇದ್ದಾರೆ. ಇದನ್ನು ಕಣ್ಣೆದುರು ಇಟ್ಟುಕೊಂಡೂ ಎರಡು ಬಾಟ್ಲಿ ಬೆರೆಸಿ ಬಿಡಿ ಅಂತ ಒಬ್ಬರು ಹೇಳುತ್ತಾರೆ, ನಾನು ಬಿಡಿಸುತ್ತೇನೆ. ಇಬ್ಬರಿಗೂ ನಾಚಿಕೆ ಆಗಬೇಕು.

ನಮ್ಮ ರೈತರು ಕಲಿಯುವುದಿಲ್ಲ, ಹೇಳಿ ಪ್ರಯೋಜನವಿಲ್ಲ ಅಂತ ನಿಮ್ಮಲ್ಲಿ ಕೆಲವರು ಹೇಳುವುದನ್ನು ಕೇಳಿದ್ದೇನೆ. ನೂರು ವರ್ಷಕ್ಕೂ ಹಿಂದೆ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಎಂಬವರು ಇದ್ದರು. ಕೆನಡಾದವರು. ಮಲೆನಾಡಿನ ತೋಟಗಳಲ್ಲಿ ಓಡಾಡಿ ಕೊಳೆರೋಗದ ಬೇರು ಹಿಡಿದು, ಬೋರ್ಡೋ ದ್ರಾವಣದ ಬಳಕೆಯನ್ನು ಬೆಳೆಗಾರರಿಗೆ ಕಲಿಸಿದರು. ಇವತ್ತು ಅಡಿಕೆ ಬೆಳೆಯುವ ಯಾವ ಮನೆಗೂ ಹೋಗಿ ಕೇಳಿ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಮೈಲುತುತ್ತನ್ನು ಸುಣ್ಣಕ್ಕೆ ಸುರಿಯಬೇಕು, ಕತ್ತಿಯ ಅಲಗು ಅದ್ದಿದಾಗ ಕೆಂಪಗಾದರೆ ಇನ್ನೂ ಸುಣ್ಣ ಬೇಕು, ಇಷ್ಟನ್ನು ಹತ್ತನೇ ಕ್ಲಾಸು ಓದದವರೂ ಗಡಗಡ ಹೇಳುತ್ತಾರೆ. ನಾವು ಕಲಿಯುವುದಿಲ್ಲ ಅಂತಲ್ಲ, ಈಗ ಹೇಳಿಕೊಡಲು ತೋಟದವರೆಗೆ ಬರುವವರು ಕಮ್ಮಿ.

ನಿಮಗೂ ಕೆಲಸ ಜಾಸ್ತಿ ಇದೆ, ಗೊತ್ತು. ಹಳದಿ ಎಲೆ ರೋಗ ಇದೆ, ಎಲೆಚುಕ್ಕಿ ರೋಗ ಬಂದಿದೆ, ಖಾಲಿ ಹುದ್ದೆಗಳಿವೆ, ಒಬ್ಬರೇ ಎರಡು ಮೂರು ಹೋಬಳಿ ನೋಡಬೇಕು. ಅದಕ್ಕೇ ನಾನು ದೊಡ್ಡ ಯೋಜನೆ ಏನೂ ಕೇಳುತ್ತಿಲ್ಲ. ಸಬ್ಸಿಡಿ ಕೇಳುತ್ತಿಲ್ಲ. ಪರಿಹಾರದ ವಿಷಯವನ್ನೂ ಇವತ್ತು ಎತ್ತುವುದಿಲ್ಲ. ನಮ್ಮ ಬೆಳೆ ವಿಮೆ ಮಳೆ, ಬಿಸಿಲಿನ ಲೆಕ್ಕದಲ್ಲಿ ನಡೆಯುತ್ತದೆ, ತಿಗಣೆ ಮಳೆಮಾಪಕದಲ್ಲಿ ಕೂರುವುದಿಲ್ಲ.

ನಾನು ಕೇಳುವುದು ಇಷ್ಟು. ಏಪ್ರಿಲ್ ಮುಗಿಯುವುದರೊಳಗೆ ಈ ತಿಗಣೆಯ, ಅದರ ಮೊಟ್ಟೆಯ, ಮರಿಯ, ಚುಕ್ಕಿ ಬಿದ್ದ ನಳ್ಳಿಯ ದೊಡ್ಡ ಫೋಟೋ ಇರುವ ಒಂದು ಹಾಳೆ ಕನ್ನಡದಲ್ಲಿ ಅಚ್ಚು ಹಾಕಿಸಿ. ಪಂಚಾಯಿತಿ, ಹಾಲಿನ ಡೇರಿ, ಸೊಸೈಟಿ, ಮದ್ದಿನ ಅಂಗಡಿಯ ಗೋಡೆಗೆ ಅಂಟಿಸಿ. ಅಂಗಡಿಯ ಗೋಡೆಗೆ ಮುಖ್ಯವಾಗಿ. ನಳ್ಳಿ ಉದುರುತ್ತಿದೆ ಅಂತ ಯಾರಾದರೂ ಫೋನ್ ಮಾಡಿದರೆ, ಬಿಸಿಲು ಅನ್ನುವ ಮೊದಲು, ಎಸಳು ಬಿಡಿಸಿ ಚುಕ್ಕಿ ನೋಡಿದಿರಾ, 20 ಸೀಳಿ ಎಣಿಸಿ ಅನ್ನಿ. ಎಷ್ಟು ನಳ್ಳಿಗೆ ಚುಕ್ಕಿ ಇದ್ದರೆ ಮದ್ದು ಬೇಕು, ಎಷ್ಟಕ್ಕೆ ಬೇಡ, ಬೇಕಾದರೆ ಯಾವುದು, ಯಾವ ಹೊತ್ತಿನಲ್ಲಿ, ಜೇನು ಸಾಯದ ಹಾಗೆ ಹೇಗೆ ಅಂತ ನೀವೇ ಕೂತು ನಿರ್ಧರಿಸಿ ನಮಗೆ ಒಂದು ಮಾತು ಹೇಳಿ, ಇಬ್ಬರು ಇಬ್ಬಗೆ ಹೇಳಬೇಡಿ. ಅಡಿಕೆಗೆ ಅಂತ ಲೇಬಲ್ಲಿನಲ್ಲಿ ಇಲ್ಲದ ವಿಷವನ್ನು ಅಡಿಕೆಗೆ ಅಂತ ಮಾರುವವರನ್ನು ಒಮ್ಮೆಯಾದರೂ ಹೋಗಿ ಕೇಳಿ. ಮತ್ತೆ ಆ ಕಣಜ. ತಾಲೂಕಿಗೆ ಒಂದು ಕಡೆ ಬೆಳೆಗಾರರು ತಂದ ಮೊಟ್ಟೆಗಳನ್ನು ತೆಗೆದುಕೊಂಡು, ಅದರಲ್ಲಿ ಎಷ್ಟು ಕಣಜ ಬಂತು ಅಂತ ಬರೆದಿಡುವ ಒಂದು ಮೇಜು, ಒಬ್ಬ ಮನುಷ್ಯ ಬೇಕು. ಅಲ್ಲಿಂದ ಹೆಬ್ಬಾಳಕ್ಕೆ ಒಂದು ಪಾರ್ಸೆಲ್ ಅಷ್ಟೇ. ಖರ್ಚು ಎಷ್ಟಾದೀತು, ಹೇಳಿ?

ನಾನಂತೂ ಈ ವರ್ಷ ಮದ್ದು ಬಿಡಿಸುವುದಿಲ್ಲ. ಬೋರ್ಡೋ ಬಿಡಿಸುತ್ತೇನೆ, ಅದು ಮಳೆಗಾಲದ ಧರ್ಮ. ಉಳಿದ ಎರಡು ಜೇನು ಪೆಟ್ಟಿಗೆಯಲ್ಲಿ ಒಂದು ಪಾಲಾಗಿ ಎರಡಾಗಿದೆ, ಈಗ ಮೂರು. ಒಂದಷ್ಟು ನಳ್ಳಿ ಹೋಗಲಿ, ಲೆಕ್ಕ ಬರೆದಿಡುತ್ತೇನೆ, ಬೇಕಾದರೆ ಆ ಪುಸ್ತಕ ನಿಮಗೇ ಕೊಡುತ್ತೇನೆ.

ಮೇ ತಿಂಗಳ ಎರಡನೇ ವಾರ ಬನ್ನಿ. ಬೆಳಿಗ್ಗೆ ಏಳು ಗಂಟೆಯೊಳಗೆ ಬಂದರೆ ಒಳ್ಳೆಯದು, ಆಮೇಲೆ ಹುಳ ಎತ್ತರಕ್ಕೆ ಹೋಗುತ್ತದೆ. ಕತ್ತರಿ ನಮ್ಮಲ್ಲಿದೆ, ತಿಂಡಿಗೆ ನೀರುದೋಸೆ ಇರುತ್ತದೆ, ಹೊಸ ಜೇನು ಬಂದಿದ್ದರೆ ಅದೂ. ಭೂತಗನ್ನಡಿ ಮಾತ್ರ ನೀವೇ ತನ್ನಿ, ಮೊಮ್ಮಗಳು ತನ್ನದನ್ನು ವಾಪಸ್ ತೆಗೆದುಕೊಂಡಿದ್ದಾಳೆ.

ಇತಿ ನಿಮ್ಮ ವಿಶ್ವಾಸಿ,
ಪುತ್ತೂರು ಕಡೆಯ ಒಬ್ಬ ಅಡಿಕೆ ಬೆಳೆಗಾರ